ಮಾವಿನ ತೋಪಿನ ಕಬ್ಬಿಣದ ಕೊಳವೆ

ನನಗೆ ಯಾರ ಮೇಲೂ ಬೇಗ ನಂಬಿಕೆ ಹುಟ್ಟುವುದಿಲ್ಲ. ಹಾಲಿನವನು ಬಂದರೆ ಮೊದಲು ಅವನ ಮುಖ ನೋಡುತ್ತೇನೆ, ಆಮೇಲೆ ಹಾಲು. ಚಿಕ್ಕಂದಿನಿಂದಲೂ ಹೀಗೇ. ಇಂಜಿನಿಯರಿಂಗ್ ಓದಿದ ಮೇಲಂತೂ ಈ ರೋಗಕ್ಕೆ ಒಂದು ಮರ್ಯಾದೆಯೂ ಬಂತು. ಮೀಟರಿನ ಮುಳ್ಳನ್ನು ಎರಡು ಸಲ ನೋಡದೆ ನಂಬಬೇಡಿ ಎಂದು ಪಾಠದಲ್ಲೇ ಹೇಳಿಕೊಡುತ್ತಿದ್ದರಲ್ಲ!

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಡಿಗ್ರಿ ಮುಗಿಸಿ, ಬೆಂಗಳೂರಿನಲ್ಲಿ ಅದೇ ವಿಷಯದಲ್ಲಿ ಮೇಲಿನ ಓದಿಗೆ ಸೇರಿದ್ದೆ. ಪ್ರೊಫೆಸರು ನನ್ನ ಪ್ರಬಂಧಕ್ಕೆ ಕೊಟ್ಟ ವಿಷಯ ಅರ್ಥಿಂಗ್. ಕಟ್ಟಡಕ್ಕೋ ಯಂತ್ರಕ್ಕೋ ಹರಿದ ಬೇಡದ ಕರೆಂಟನ್ನು ನೆಲಕ್ಕೆ ಇಳಿಸಲು ಕಬ್ಬಿಣದ ಕೊಳವೆ ಹೂಳುತ್ತಾರಲ್ಲ, ಅದು. ನೆಲ ಹಸಿಯಾಗಿದ್ದರೆ ಕರೆಂಟು ಸಲೀಸಾಗಿ ಇಳಿಯುತ್ತದೆ. ಒಣಗಿದರೆ ನೆಲವೇ ಅದನ್ನು ತಡೆಯುತ್ತದೆ. ನಮ್ಮ ಕಡೆಯ ಕೆಮ್ಮಣ್ಣು ಬೇಸಿಗೆ ಏರಿದ ಹಾಗೆ ಎಷ್ಟೆಷ್ಟು ತಡೆಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ನಾಲ್ಕು ಕಡೆ ನಾಲ್ಕು ಕೊಳವೆ ಹೂಳಿಸಿದೆ. ಮಳೆ ಬರುವವರೆಗೆ ಅವಕ್ಕೆ ಒಂದು ಹನಿ ನೀರೂ ಸೋಕಬಾರದು.

ನಾನು ಊರವರನ್ನು ನಂಬುತ್ತಿರಲಿಲ್ಲ, ಊರವರು ನನ್ನನ್ನು ನಂಬುತ್ತಿರಲಿಲ್ಲ. ಅಳೆಯುವ ಪೆಟ್ಟಿಗೆಗೆ ಒಂದು ಹಿಡಿಯಿತ್ತು, ಅದನ್ನು ಗರಗರ ತಿರುಗಿಸಬೇಕು. ಮುಳಬಾಗಿಲಿನಲ್ಲಿ ನಾನು ತಿರುಗಿಸುತ್ತಿದ್ದರೆ ಬೇಲಿಯಾಚೆ ಜನ ಕೂಡುತ್ತಿದ್ದರು. “ಬಂಗಾರಂ ಉಂದಾ ಸಾಮಿ?” ಎಂದು ಒಬ್ಬ ತೆಲುಗಿನಲ್ಲಿ ಕೇಳಿದ. ಚಿನ್ನದ ಗಣಿ ಹತ್ತಿರದಲ್ಲೇ ಇದ್ದ ಸೀಮೆ, ಕೇಳಿದ್ದರಲ್ಲಿ ತಪ್ಪೇನಿಲ್ಲ. ಇಲ್ಲ ಎಂದೆ. ಇದೆ ಎಂದು ಅವನು ಅರ್ಥಮಾಡಿಕೊಂಡು ಹೋದ. ಮಾಲೂರಿನಲ್ಲಂತೂ ನಾನು ಜರ್ಮನಿಯವರಿಗೆ ಸುದ್ದಿ ಕಳಿಸುತ್ತೇನೆಂದು ಯಾರೋ ಹೇಳಿ, ಪೊಲೀಸಿನವನೊಬ್ಬ ಬಂದು ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದ್ದ.

ಶ್ರೀನಿವಾಸಪುರದ ಕೊಳವೆ ಇದ್ದದ್ದು ಒಬ್ಬ ಮಾವಿನ ವ್ಯಾಪಾರಿಯ ತೋಪಿನ ಮೂಲೆಯಲ್ಲಿ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಸಾಹೇಬರು, ನಡುವಯಸ್ಸು, ಮಾತು ಕಡಿಮೆ. ಕೇಳಿದ ಕೂಡಲೇ ಜಾಗ ಕೊಟ್ಟರು, ಬದಲಿಗೆ ಏನೂ ಕೇಳಲಿಲ್ಲ. ಇದೇ ನನಗೆ ಅನುಮಾನ. ಕಬ್ಬಿಣ ಸಿಗುವುದೇ ದುರ್ಲಭವಾಗಿದ್ದ ದಿನಗಳು ಅವು. ಆಳುದ್ದದ ಹೊಸ ಕೊಳವೆಯನ್ನು ತೋಪಿನಲ್ಲಿ ಬಿಟ್ಟುಹೋದರೆ ಮುಂದಿನ ತಿಂಗಳು ಬರಿಯ ಗುಂಡಿ ಉಳಿದಿರುತ್ತದೆ ಎಂದುಕೊಂಡೆ. ಅದಕ್ಕೇ ಕೊಳವೆಯ ಬಾಯಿಗೆ ಮರದ ಬಿರಡೆ ಜಡಿದು, ಮನೆಯವರೆಲ್ಲ ಕೇಳುವಂತೆ ಹೇಳಿದೆ:

“ಇದರೊಳಗೆ ಕರೆಂಟಿದೆ. ಮುಟ್ಟಿದರೆ ಪ್ರಾಣ ಹೋಗುತ್ತೆ. ಕೈಗೆ ಒಣಬಟ್ಟೆ ಸುತ್ತಿಕೊಂಡು ಮಣೆ ಮೇಲೆ ನಿಂತು ಮುಟ್ಟಬೇಕು. ಅದು ನನ್ನಂಥ ತಿಳಿದವರ ಕೆಲಸ.”

ಸಾಹೇಬರು ಕೊಳವೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಆಗ್ಲಿ ಸಾಮಿ, ಯಾರೂ ಮುಟ್ಟಲ್ಲ” ಎಂದರು. ಅವರ ತಾಯಿ, ಬೆನ್ನು ಬಾಗಿದ ಮುದುಕಿ, ಬಾಗಿಲ ಮರೆಯಿಂದ “ಯಾ ಅಲ್ಲಾ” ಎಂದದ್ದು ಕೇಳಿಸಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಬಸ್ಸು ಹತ್ತಿದೆ.

ಬೇಸಿಗೆ ಏರಿತು. ಮೂರು ಊರುಗಳಲ್ಲಿ ನೆಲದ ತಡೆ ತಿಂಗಳಿಂದ ತಿಂಗಳಿಗೆ ಏರುತ್ತ ಹೋಯಿತು. ಶ್ರೀನಿವಾಸಪುರದಲ್ಲಿ ಮಾತ್ರ ಇಳಿಯಿತು. ಮುಂದಿನ ತಿಂಗಳು ಇನ್ನೂ ಇಳಿಯಿತು. ಸುತ್ತಲ ಮಣ್ಣು ಬಿರುಕು ಬಿಟ್ಟಿದೆ, ಕಾಲಿಟ್ಟರೆ ಸುಡುತ್ತದೆ. ಮುಳ್ಳು ನೋಡಿದರೆ ಮಳೆಗಾಲ ತೋರಿಸುತ್ತಿದೆ. ಪೆಟ್ಟಿಗೆಯ ಮೇಲೆ ಅನುಮಾನ ಬಂತು, ಬಿಚ್ಚಿ ನೋಡಿದೆ, ಸರಿಯಾಗಿತ್ತು. ತಂತಿಯ ಮೇಲೆ ಬಂತು, ಬದಲಾಯಿಸಿದೆ.

ಪ್ರೊಫೆಸರು ನಾಲ್ಕು ಗೆರೆಗಳ ಗ್ರಾಫನ್ನು ಮುಂದೆ ಹರಡಿಕೊಂಡು ಬಹಳ ಹೊತ್ತು ನೋಡಿದರು.

“ಶ್ರೀನಿವಾಸಪುರಕ್ಕೆ ನಿಜವಾಗಿ ಹೋಗಿದ್ರೇನ್ರೀ? ಇಲ್ಲಾ ಕೋಲಾರದಲ್ಲೇ ಕೂತು ಬರೆದ್ರೋ?”

ನನ್ನ ಮೈ ಉರಿದುಹೋಯಿತು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹೊಗೆ ಕುಡಿದು, ದಿಬ್ಬ ಬಂದಲ್ಲೆಲ್ಲ ಇಳಿದು ತಳ್ಳಿ, ಹೋಗಿಬಂದವನು ನಾನು!

“ಒಂದು ಗೆರೆ ಸುಳ್ಳಾದ್ರೆ ಉಳಿದ ಮೂರನ್ನ ಯಾಕೆ ನಂಬಲಿ? ಕಾರಣ ತನ್ನಿ. ಇಲ್ಲದಿದ್ರೆ ನಾನು ಇದಕ್ಕೆ ಸಹಿ ಹಾಕೋದಿಲ್ಲ” ಎಂದರು. ಸಹಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ಎರಡು ವರ್ಷದ ಓದು ಮಣ್ಣುಪಾಲು. ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಸುಳ್ಳುಗಾರ ಅಂದರಲ್ಲ ಎಂಬುದೇ ಎದೆಯಲ್ಲಿ ಕುದಿಯುತ್ತಿತ್ತು.

ಇದೆಲ್ಲ ಸಾಹೇಬರ ಕೆಲಸವೇ ಎಂದು ತೀರ್ಮಾನಿಸಿಬಿಟ್ಟೆ. ಹೊಸ ಕೊಳವೆ ಕಿತ್ತುಕೊಂಡು ಅಲ್ಲಿ ಬೇರೇನೋ ನೆಟ್ಟಿರಬೇಕು. ಹಿಡಿದೇ ತೀರಬೇಕೆಂದು ನಾನು ಎಂದೂ ಹೋಗದ ದಿನ, ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಯಾರಿಗೂ ಹೇಳದೆ ತೋಪಿಗೆ ನುಗ್ಗಿ ಒಂದು ಮರದ ಹಿಂದೆ ನಿಂತೆ. ಡಿಗ್ರಿಯ ಮೇಲೆ ಡಿಗ್ರಿ ಓದುವ ಮನುಷ್ಯ, ಕಳ್ಳನ ಹಾಗೆ.

ಬಂದದ್ದು ಸಾಹೇಬರಲ್ಲ, ಅವರ ತಾಯಿ. ಸೊಂಟದಲ್ಲಿ ನೀರು ತುಂಬಿದ ಕೊಡ, ಕಂಕುಳಲ್ಲಿ ಒಂದು ಮಣೆ. ಮಣೆಯನ್ನು ಕೊಳವೆಯ ಪಕ್ಕ ಹಾಕಿ ಅದರ ಮೇಲೆ ಹತ್ತಿ ನಿಂತರು. ಕೈಗೆ ಒಣಬಟ್ಟೆ ಸುತ್ತಿಕೊಂಡರು. ತುಟಿಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತ, ಬಿರಡೆ ಕಿತ್ತು, ಕೊಡದ ನೀರನ್ನೆಲ್ಲ ಕೊಳವೆಯ ಬಾಯಿಗೆ ಸುರಿದರು. ಕೊಳವೆಯ ತಳದ ಭಾಗದಲ್ಲಿ ತೂತುಗಳಿರುತ್ತವೆ. ನೀರು ಸೀದಾ ಕೆಳಗಿನ ಮಣ್ಣಿಗೆ ಹೋಗುತ್ತದೆ, ಮೇಲೆ ನೋಡಿದರೆ ನೆಲ ಒಣಗಿಯೇ ಇರುತ್ತದೆ.

“ಏನಮ್ಮಾ ಮಾಡ್ತಿದೀರಿ?” ಎಂದು ಕೂಗಿಕೊಂಡೇ ಓಡಿದೆ.

“ದೂರ ನಿಂತ್ಕೋ ಬೇಟಾ!” ಎಂದರು ಮುದುಕಿ, ಕೈಯಡ್ಡ ಹಿಡಿದು. “ಒಳಗೆ ಬಿಜಲಿ ಐತೆ ಅಂತ ನೀನೇ ಹೇಳಿದ್ಯಲ್ಲ. ಬಿಸಿಲಿಗೆ ಕಾದು ಹೊರಗೆ ಬಂದ್ರೆ ಏನ್ ಗತಿ? ಕಾಯಿ ಕೀಳೋ ಹೆಣ್ಣಾಳುಗಳು ಇಲ್ಲೇ ಓಡಾಡ್ತವೆ, ಮೇಕೆ ಓಡಾಡ್ತವೆ. ಅದಕ್ಕೇ ದಿನಾ ಒಂದು ಕೊಡ ಬಿಟ್ಟು ತಂಪು ಮಾಡ್ತೀನಿ.”

ಬಾವಿ ತೋಪಿನ ಆ ಕೊನೆಯಲ್ಲಿತ್ತು. ಒಳಗೆ ಕರೆಂಟೂ ಇಲ್ಲ ಏನೂ ಇಲ್ಲ ಎಂದು ಹೇಳಬೇಕಿತ್ತು. ಹಾಗಾದರೆ ಯಾಕೆ ಹಾಗಂದೆ ಎಂದು ಕೇಳಿದರೆ? “ಇನ್ನು ಬೇಡಮ್ಮಾ, ಕರೆಂಟು ತೆಗೆದುಬಿಟ್ಟಿದೀನಿ” ಎಂದೆ. ಇನ್ನೊಂದು ಸುಳ್ಳು. ಮುದುಕಿ ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿ, ಖಾಲಿ ಕೊಡ ಎತ್ತಿಕೊಂಡು ಹೋದರು.

ಪ್ರೊಫೆಸರು ಇದನ್ನು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನಾಗಿದ್ದರೂ ನಂಬುತ್ತಿರಲಿಲ್ಲ. ಹಾಗೆಂದು ಸಾಹೇಬರಿಗೆ ಹೇಳಿಕೊಂಡಾಗ ಅವರು, “ನಾನೇ ಬಂದು ಹೇಳ್ತೀನಿ ನಡೀರಿ” ಎಂದರು. ಸುಗ್ಗಿಯ ಹೊತ್ತಿನಲ್ಲಿ, ಕಾಯಿಯ ರಾಶಿ ಬಿಟ್ಟು ಬೆಂಗಳೂರಿಗೆ ಬರುತ್ತಾರಂತೆ! ಇದರಲ್ಲಿ ಏನಿದೆಯೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಕೊನೆಗೆ ಹೊಳೆಯಿತು. ನನ್ನ ಸುಳ್ಳನ್ನು ಪ್ರೊಫೆಸರ ಮುಂದೆಯೇ ಬಯಲು ಮಾಡಿ ಮುಯ್ಯಿ ತೀರಿಸಿಕೊಳ್ಳುತ್ತಾರೆ. ಆಮೇಲೆ ಸಹಿ ಕೇಳುವುದಕ್ಕೂ ಮುಖ ಇರುವುದಿಲ್ಲ.

ಪ್ರೊಫೆಸರು ಕೇಳಿಯೇ ಬಿಟ್ಟರು. “ನಿಮ್ಮ ತಾಯಿ ಅದಕ್ಕೆ ಯಾಕ್ರೀ ನೀರು ಹಾಕಿದ್ರು?”

ಸಾಹೇಬರು ಟೋಪಿ ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ.

“ಓದು ಬರಹ ಇಲ್ದಿರೋ ಮುದುಕಿ ಸಾರ್. ಇಂಜಿನಿಯರು ಏನೋ ನೆಟ್ಟವ್ರೆ, ಬೇಸಿಗೇಲಿ ಒಣಗಿ ಹೋಗ್ತದೆ ಅಂತ ಹಾಕವಳೆ. ಇವರದ್ದೇನೂ ತಪ್ಪಿಲ್ಲ.”

ಪ್ರೊಫೆಸರು ಗಹಗಹಿಸಿ ನಕ್ಕರು. ಕಬ್ಬಿಣದ ಕೊಳವೆ ಚಿಗುರುತ್ತದೆ ಅಂದುಕೊಂಡಿದ್ದರೇನ್ರೀ ಎಂದು ಮತ್ತೆ ನಕ್ಕರು. ನಾನೂ ಜೊತೆಗೆ ನಕ್ಕೆ. ನಗುತ್ತಲೇ ಸಹಿ ಮಾಡಿದರು.

ಹೊರಗೆ ಬಂದ ಮೇಲೆ, ಮೆಟ್ಟಿಲ ಬಳಿ, “ಯಾಕೆ ಸಾಹೇಬ್ರೇ ಹಾಗೆ ಹೇಳಿದ್ರಿ? ನಿಮ್ಮ ತಾಯಿ ಹಾಕಿದ್ದು ಅದಕ್ಕಲ್ಲವಲ್ಲ” ಎಂದೆ.

“ತಂತಿನೇ ಇಲ್ದಿರೋ ತೋಪಿಗೆ ಕರೆಂಟು ಎಲ್ಲಿಂದ ಬರ್ತದೆ ಸಾಮಿ?” ಎಂದರು ಅವರು, ಸಮಾಧಾನವಾಗಿಯೇ. “ನಂಗೆ ಅವತ್ತೇ ಗೊತ್ತಿತ್ತು. ಅಮ್ಮಂಗೇ ಹೇಳ್ದೇ ಇದ್ದಿದ್ದನ್ನ ನಿಮ್ಮ ಪ್ರೊಫೆಸರಿಗೆ ಹೇಳ್ತೀನಾ? ಬಿಡಮ್ಮಾ, ಒಳಗೇನೂ ಇಲ್ಲ ಅಂತ ಅಮ್ಮಂಗೆ ಒಂದು ಮಾತು ಹೇಳ್ಬೋದಿತ್ತು. ಆಮೇಲೆ ಇಂಜಿನಿಯರು ಯಾಕೆ ಹಂಗಂದ್ರು ಅಂತ ಕೇಳ್ತಾಳೆ. ನಮ್ಮನ್ನ ಕಳ್ಳರು ಅಂದ್ಕೊಂಡವ್ರೆ ಅಂತ ಆ ವಯಸ್ಸಲ್ಲಿ ಅವಳಿಗೆ ಹೆಂಗೆ ಹೇಳ್ಲಿ?”