ಪಟ್ಟಿಯಮ್ಮ ಮತ್ತು ಬೂದಿಯ ಹಿಂಗಾಲು

ಲೋಟದ ಅಂಚಿನಲ್ಲಿ ಬೇರೆಯವರ ತುಟಿಯ ಗುರುತು ಕಂಡರೆ ಪಟ್ಟಿಯಮ್ಮ ಆ ಲೋಟವನ್ನು ಮುಟ್ಟುತ್ತಿರಲಿಲ್ಲ. ಬಾಯಿ ತುಂಬ ನಗುತ್ತಾ ಬಂದು ಭುಜದ ಮೇಲೆ ಕೈಯಿಡುವವರನ್ನು ಕಂಡರೂ ಹಾಗೆಯೇ ಮುಖ ಸಿಂಡರಿಸಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಆದರೆ ಕೊಳೆತು ನಾರುವ ಕುದುರೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಕೆರೆದು ಶುಚಿ ಮಾಡುವಾಗ ಅದೇ ಹೆಂಗಸು ಮೂಗನ್ನೂ ಮುಚ್ಚಿಕೊಳ್ಳುತ್ತಿರಲಿಲ್ಲ. ಇದೆಂಥ ಹೇಸಿಗೆಯಪ್ಪಾ ಇವಳದ್ದು ಎಂದು ಲಾಯದವರು ನಗುತ್ತಿದ್ದರು.

ಹತ್ತೊಂಬತ್ತು ವರ್ಷ ಅವಳು ದೊಡ್ಡಾಸ್ಪತ್ರೆಯ ಮೂಳೆ ವಿಭಾಗದಲ್ಲಿ ಪ್ಲಾಸ್ಟರ್ ಕೋಣೆಯ ಆಯಾ ಆಗಿದ್ದವಳು. ಕೈ ಮುರಿದವರು, ಮಂಡಿ ಊದಿದವರು, ಗಾಯಕ್ಕೆ ಹುಳ ಹತ್ತಿದ ಮೇಲೆ ಬಂದವರು, ಎಲ್ಲರಿಗೂ ಪಟ್ಟಿ ಸುತ್ತಿದ ಕೈ ಅದು. ಆ ವಿಭಾಗವನ್ನು ಊರಾಚೆಗೆ ಸಾಗಿಸಿದಾಗ ಹೊಸಬರನ್ನು ತೆಗೆದುಕೊಂಡರು, ಇವಳನ್ನು ಮನೆಗೆ ಕಳಿಸಿದರು. ಮದುವೆಯಾಗದೆ ಅಕ್ಕ ಭಾವನ ಜೊತೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದವಳು. ಹಗಲೆಲ್ಲ ಸುಮ್ಮನೆ ಕೂತಿರುವುದನ್ನು ನೋಡಲಾಗದೆ ಭಾವ ಒಂದು ದಿನ ತನ್ನ ಜೊತೆ ಸವಾರಿ ಶಾಲೆಗೆ ಕರೆದುಕೊಂಡು ಹೋದ. ಅವನು ಅಲ್ಲಿ ಕುದುರೆಗಳಿಗೆ ಲಾಳ ಹೊಡೆಯುವವನು.

"ಕಾಲು ಅಂದ್ರೆ ಕಾಲು ಕಣಮ್ಮ. ಇಲ್ಲಿ ಎರಡು ಜಾಸ್ತಿ ಇರ್ತವೆ, ಅಷ್ಟೇ," ಎಂದ ಭಾವ.

ಅವಳ ಪಾಲಿಗೆ ಮೊದಲು ಬಂದದ್ದು ಬೂದಿ. ಬೂದಿಬಣ್ಣದ ಹೆಣ್ಣುಕುದುರೆ, ಇಪ್ಪತ್ತರ ಹತ್ತಿರದ ವಯಸ್ಸು. ಹಿಂಗಾಲುಗಳ ನಡುಭಾಗದ ದೊಡ್ಡ ಕೀಲುಗಳಲ್ಲಿ ಸಂಧಿವಾತ. ಬೆಳಿಗ್ಗೆ ಎದ್ದರೆ ಹತ್ತು ಹೆಜ್ಜೆ ಮರದ ಕುದುರೆಯ ಹಾಗೆ ಸೆಟೆದು ನಡೆಯುತ್ತಿತ್ತು. ಪ್ರಾಣಿವೈದ್ಯರು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು: ಕೆಳಗೆ ಹತ್ತಿಯ ದಪ್ಪ ಹಾಸು, ಮೇಲೆ ಪಟ್ಟಿ; ಕೀಲಿನ ಹಿಂದಿನ ಚೂಪು ಮೂಳೆಯನ್ನು ಬಿಟ್ಟು ಎಂಟರ ಆಕಾರದಲ್ಲಿ ಸುತ್ತಬೇಕು; ಕಟ್ಟಿದ ಮೇಲೆ ಒಂದು ಬೆರಳು ಒಳಗೆ ಹೋಗಬೇಕು. ಬಿಗಿಯಾದರೆ ನರ ಸಾಯುತ್ತದೆ, ಸಡಿಲವಾದರೆ ಜಾರಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ.

"ಇದರಿಂದ ವಾಸಿ ಆಗುತ್ತಾ ಡಾಕ್ಟ್ರೇ?" ಎಂದು ಕೇಳಿದಳು.

"ವಾಸಿ ಆಗೋ ಕಾಯಿಲೆ ಅಲ್ಲ ಇದು. ಬೆಚ್ಚಗಿದ್ದರೆ ಹಿತ. ಊತ ಇದ್ದಾಗ ತಣ್ಣೀರು. ದಿನಕ್ಕೆರಡು ಸಲ ನೋವಿನ ಪುಡಿ. ಎಲ್ಲಕ್ಕಿಂತ ಹೆಚ್ಚಾಗಿ ನಡೆಸಬೇಕು, ನಿಲ್ಲಿಸಿಟ್ಟರೆ ಕೆಡುತ್ತೆ."

ಅವಳಿಗೆ ಆ ಮಾತು ಹಿಡಿಸಿತು. ವಾಸಿ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರನ್ನು ಹತ್ತೊಂಬತ್ತು ವರ್ಷದಲ್ಲಿ ಅವಳು ಹೆಚ್ಚು ಕಂಡಿರಲಿಲ್ಲ.

ಆರು ವರ್ಷ ಹಾಗೇ ನಡೆಯಿತು. ಪುಡಿಯನ್ನು ಬೂಸಾದಲ್ಲಿ ಕಲಸಿ ಕೊಟ್ಟರೆ ಬೂದಿ ಮೂಗಿನಿಂದ ಊದಿ ಊದಿ ಪುಡಿಯನ್ನೇ ಬೇರ್ಪಡಿಸಿ ಬಿಡುತ್ತಿತ್ತು. ಬೆಲ್ಲದ ನೀರಿಗೆ ಕದಡಿ ಕೊಟ್ಟರೆ ಮಾತ್ರ ನೆಕ್ಕುತ್ತಿತ್ತು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಅವರಿಬ್ಬರೂ ಬೇಲಿಯ ಉದ್ದಕ್ಕೂ ನಡೆಯುತ್ತಿದ್ದರು. ಅವಳ ಹೆಸರು ಎಲ್ಲರಿಗೂ ಮರೆತೇ ಹೋಗಿ ಪಟ್ಟಿಯಮ್ಮ ಎಂಬುದೇ ಉಳಿಯಿತು. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಬೂದಿ ನಿಧಾನವಾಗಿ ಸುತ್ತು ಹಾಕುವಷ್ಟು ಸುಧಾರಿಸಿತ್ತು.

ಆಮೇಲೆ ಆ ಮನುಷ್ಯ ಬಂದ. ಬಿಳಿ ಬೂಟು, ಬಾಯಲ್ಲಿ ಸದಾ ಪುದೀನ ಮಿಠಾಯಿ. ಅಯಸ್ಕಾಂತದ ಬಿಲ್ಲೆಗಳನ್ನು ಹೊಲಿದ ಪಟ್ಟಿ, ಹೊದಿಕೆ, ಕಾಲುಚೀಲಗಳನ್ನು ಚೀಲದ ತುಂಬ ತಂದಿದ್ದ. ಹೀಗಾಗಿ ಲಾಯದವರು ಅವನಿಗೆ ಅಯಸ್ಕಾಂತ ಎಂದೇ ಹೆಸರಿಟ್ಟರು. ಶಾಲೆಯ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಆಕೆ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಳು. ಅವನು ಕುದುರೆಯ ಕಾಲಿನ ಮೇಲೆ ಕೈಯಾಡಿಸುತ್ತಾ, "ರಕ್ತ ಎಚ್ಚರ ಆಗುತ್ತೆ ಮೇಡಂ, ಕೀಲು ತಾನೇ ತಾನಾಗಿ ಹೊಸದಾಗುತ್ತೆ," ಎನ್ನುವಾಗ ಪಟ್ಟಿಯಮ್ಮ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಬೆರಳು ಮುಟ್ಟಿದ್ದು ಮುಂಗಾಲಿನ ಮಂಡಿಯನ್ನು; ಕಾಯಿಲೆ ಇದ್ದದ್ದು ಹಿಂಗಾಲಿನಲ್ಲಿ.

"ರೋಗ ಹಿಂದಿದೆ ಸಾರ್," ಎಂದಳು.

"ಎಲ್ಲಾ ಒಂದಕ್ಕೊಂದು ಸೇರಿರುತ್ತಮ್ಮ," ಎಂದು ಅವನು ಹಲ್ಲು ಕಿರಿದು ಅವಳ ಭುಜ ತಟ್ಟಿದ. ಮನೆಗೆ ಹೋದವಳೇ ಆ ಬಟ್ಟೆ ಬಿಚ್ಚಿ ಬಕೆಟ್ಟಿಗೆ ಹಾಕಿದಳು.

ಅಯಸ್ಕಾಂತ ಭಾವನ ಕೈಗೂ ಒಂದು ಜೊತೆ ಕೈಗವಸು ಕೊಟ್ಟಿದ್ದ. ಅಕ್ಕನ ಬೆರಳುಗಳೂ ಸಂಧಿವಾತದಿಂದ ಸೊಟ್ಟಗಾಗಿದ್ದವು. ಅಕ್ಕ ಹಾಕಿಕೊಂಡು, "ಹಿತವಾಗಿದೆ ಕಣೇ," ಎಂದಳು. ದಪ್ಪ ಉಣ್ಣೆಯ ಗವಸು, ಬೆಚ್ಚಗಿರುತ್ತದೆ, ಹಿತವಾಗಿಯೇ ಇರುತ್ತದೆ. ಅದಕ್ಕೆ ಅಯಸ್ಕಾಂತ ಬೇಕಿಲ್ಲ ಎಂದು ಅಕ್ಕನ ಹತ್ತಿರ ವಾದ ಮಾಡಿ ಏನು ಬಂತು?

ಒಂದು ದಿನ ಮೇಡಂ ಅವಳನ್ನು ಕರೆದು, ಅವಳು ಕೇಳದೆಯೇ ರಜೆ ಕೊಟ್ಟಳು. "ಪಾಪ, ನೀವು ರಜೆಯೇ ತಗೊಳ್ಳಲ್ಲ. ನಾಲ್ಕು ದಿನ ಆರಾಮಾಗಿರಿ. ಬೂದಿನ ನಿಮ್ಮ ಭಾವ ನೋಡ್ಕೋತಾರೆ."

ಐದನೇ ದಿನ ಬೆಳಿಗ್ಗೆ ಬಂದು ನೋಡಿದರೆ ಬೂದಿ ಲಾಯದ ಮೂಲೆಯಲ್ಲಿ ತಲೆ ಜೋಲುಹಾಕಿ ನಿಂತಿತ್ತು. ಬಲ ಹಿಂಗಾಲಿನ ಭಾರವನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ಆ ಕಾಲಿಗೆ ಅಯಸ್ಕಾಂತದ ಹೊಸ ಪಟ್ಟಿ. ಕಟ್ಟಿದವರು ಬಿಚ್ಚಿಯೇ ಇರಲಿಲ್ಲವೆಂದು ಮೇಲೆ ಒಣಗಿದ್ದ ಲದ್ದಿಯ ಪದರವೇ ಹೇಳುತ್ತಿತ್ತು. ಒಂದು ಬೆರಳಲ್ಲ, ಹುಲ್ಲುಕಡ್ಡಿಯೂ ಒಳಗೆ ಹೋಗದಷ್ಟು ಬಿಗಿ. ಕತ್ತರಿಸಿ ತೆಗೆದಳು. ಒಳಗೆ ಬಿಸಿ ಮುಲಾಮು ಹಚ್ಚಿದ್ದರು. ಅದು ಬೆವೆತು ಬೆಂದು ಚರ್ಮ ಕೂದಲ ಸಮೇತ ಪಟ್ಟಿಗೆ ಅಂಟಿ ಬಂತು. ಅಡಿಯಲ್ಲಿ ಹಸಿ ಮಾಂಸ, ಹಳದಿ ನೀರು. ಎಂಥೆಂಥ ವಾಸನೆಯನ್ನೋ ಕುಡಿದು ಬದುಕಿದ ಪಟ್ಟಿಯಮ್ಮ ಹೊರಗೋಡಿ ಗೋಡೆಗೆ ಕೈಕೊಟ್ಟು ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಮತ್ತೆ ಒಳಗೆ ಬಂದು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಾಯ ತೊಳೆಯಲು ಕೂತಳು.

ಅದು ಬರೀ ಗಾಯದ ನೋವಲ್ಲ ಎಂದು ಅವಳಿಗೆ ಗೊತ್ತಾಯಿತು. ಗಾಯವಿಲ್ಲದ ಎಡಗಾಲನ್ನು ಕೂಡ ಬೂದಿ ಮುಟ್ಟಗೊಡುತ್ತಿರಲಿಲ್ಲ. ಅನುಮಾನ ಬಂದು ಭಾವನ ಷೆಡ್ಡಿಗೆ ಹೋದಳು. ಕತ್ತರಿಸಿದ ಗೊರಸಿನ ಚೂರುಗಳ ಡಬ್ಬಿಯ ತಳದಲ್ಲಿ ನೋವಿನ ಪುಡಿಯ ಎಂಟು ಪೊಟ್ಟಣಗಳು, ಒಂದನ್ನೂ ಒಡೆದಿರಲಿಲ್ಲ. ನಾಲ್ಕು ಬೆಳಿಗ್ಗೆ, ನಾಲ್ಕು ಸಂಜೆ.

ಮಧ್ಯಾಹ್ನ ಭಾವ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಪೊಟ್ಟಣಗಳನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

"ಏನು ಭಾವ ಇದು?"

ಭಾವ ತುತ್ತನ್ನು ತಟ್ಟೆಗೆ ಬಿಟ್ಟ.

"ವೀಡಿಯೊ ತೆಗೀಬೇಕಿತ್ತಂತೆ. ಪಟ್ಟಿ ಕಟ್ಟೋ ಮುಂಚೆ ಹೇಗಿತ್ತು, ಕಟ್ಟಿದ ಮೇಲೆ ಹೇಗಾಯ್ತು ಅಂತ. ಬೂದಿ ಈಗ ಕುಂಟೋದೇ ಕಾಣಲ್ಲ ಅಂದ್ರು ಮೇಡಂ. ಚೆನ್ನಾಗಿ ಕುಂಟಬೇಕಿತ್ತು."

"ಚೆನ್ನಾಗಿ ಕುಂಟಬೇಕಿತ್ತು," ಎಂದಳು ಅವಳು.

"ನಾಲ್ಕು ದಿನ ತಾನೇ ಅಂದ್ರು ಕಣಮ್ಮ. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟು ಓಡಿಸಿ ಅದನ್ನೂ ತೆಗೆದರು. ನಾನು ಹಗ್ಗ ಹಿಡ್ಕೊಂಡಿದ್ದೆ ಅಷ್ಟೆ."

"ಅವಳು ಕಿರುಚಲಿಲ್ವಾ?"

"ಕುದುರೆ ಎಲ್ಲಿ ಕಿರುಚುತ್ತೆ?" ಭಾವನ ದನಿ ಸಣ್ಣದಾಯಿತು. "ಬೆವರ್ತಿತ್ತು."

ಅಕ್ಕ ಒಲೆಯ ಬಳಿಯಿಂದ ತಿರುಗಿ ಗಂಡನ ಮುಖ ನೋಡಿದಳು. ಪಟ್ಟಿಯಮ್ಮನಿಗೆ ಆ ಮೇಜು, ಆ ತಟ್ಟೆ, ಅವನ ಮೀಸೆಗೆ ಅಂಟಿದ್ದ ಸಾರು, ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ಮೂವತ್ತು ವರ್ಷ ಇದೇ ಮನುಷ್ಯನ ಜೊತೆ ಒಂದೇ ಮೇಜಿನಲ್ಲಿ ಉಂಡಿದ್ದಳು. ಪ್ರತಿ ಕುದುರೆಯ ಗೊರಸು ಎತ್ತುವ ಮೊದಲು ಅದರ ಕುತ್ತಿಗೆ ಸವರಿ "ಸ್ವಲ್ಪ ತಾಳ್ಕೋ ತಾಯಿ" ಎನ್ನುತ್ತಿದ್ದವನು ಇವನೇ.

ಪ್ರಾಣಿವೈದ್ಯರಿಗೆ ಫೋನ್ ಮಾಡಿದಳು. ಅವರು ಬಂದು ಗಾಯ ನೋಡಿ, ಪುಡಿಯ ಪ್ರಮಾಣ ಹೆಚ್ಚಿಸಿ, ಕೋಪದಿಂದಲೇ ಮೇಡಂ ಕೋಣೆಗೆ ಹೋದರು. ಹೊರಗೆ ಬರುವಾಗ ಕೋಪ ಇರಲಿಲ್ಲ.

"ಮಾತಾಡಿದೀನಿ. ಇನ್ನು ಮುಂದೆ ಹೀಗಾಗಲ್ಲ ಅಂದ್ರು."

"ಆ ವೀಡಿಯೊ?"

ಡಾಕ್ಟರು ಕಾರಿನ ಬೀಗದ ಕೈ ತಿರುವುತ್ತಾ ನಿಂತರು. "ನಂಗೆ ಇಲ್ಲಿ ಇಪ್ಪತ್ತೆರಡು ಕುದುರೆ ಇದಾವಮ್ಮ. ನಾನು ಜಗಳ ಮಾಡ್ಕೊಂಡು ಹೋದ್ರೆ ನಾಳೆ ಇವನ್ನು ನೋಡೋರು ಯಾರು?"

ಮಾತು ಸುಳ್ಳಲ್ಲ. ಆದರೂ ಅವರು ಕಾರು ಹತ್ತುವಾಗ ಅವಳು ಎಂದಿನಂತೆ ನಮಸ್ಕಾರ ಮಾಡಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಸವಾರಿ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಸುತ್ತಮುತ್ತ ಕುದುರೆ ಸಾಕಿದವರೆಲ್ಲ, ಮಕ್ಕಳನ್ನು ಸವಾರಿಗೆ ಕಳಿಸುವ ತಂದೆ ತಾಯಿಯರು, ಅರವತ್ತು ಎಪ್ಪತ್ತು ಜನ. ದೊಡ್ಡ ಪರದೆಯ ಮೇಲೆ ವೀಡಿಯೊ ಹಾಕಿದರು. ಮೊದಲು ಬೂದಿ ಕುಂಟುತ್ತಾ, ನಿಂತು ನಿಂತು, ತಲೆ ಎತ್ತಿ ಇಳಿಸಿ ಬರುವುದು. ಜನ ಅಯ್ಯೋ ಎಂದರು. ಆಮೇಲೆ ಪಟ್ಟಿ ಕಟ್ಟಿಕೊಂಡ ಬೂದಿ ಸಣ್ಣಗೆ ಓಡುವುದು. ಜನ ಚಪ್ಪಾಳೆ ತಟ್ಟಿದರು. ಅಯಸ್ಕಾಂತ ಮೈಕು ಹಿಡಿದು, "ಆರು ವರ್ಷದಿಂದ ಈ ಕುದುರೆಯ ಸೇವೆ ಮಾಡಿದ ತಾಯಿ ಇಲ್ಲೇ ಇದ್ದಾರೆ, ಪಟ್ಟಿ ಹೇಗೆ ಕಟ್ಟೋದು ಅಂತ ಅವರೇ ತೋರಿಸ್ತಾರೆ," ಎಂದು ಅವಳನ್ನು ಮುಂದೆ ಕರೆದ. ಮುಂಗಾಲಿಗೆ ಪಟ್ಟಿ ಕಟ್ಟಿ ನಗುನಗುತ್ತಾ ನಿಂತರೆ ಸಾಕು ಎಂದು ಮೇಡಂ ಮೊದಲೇ ಹೇಳಿಕೊಟ್ಟಿದ್ದಳು.

ಬೂದಿಯನ್ನು ಅವಳೇ ಕರೆದುಕೊಂಡು ಬಂದಳು. ಮೇಲೆ ಉದ್ದದ ಹೊದಿಕೆ ಹಾಕಿದ್ದರು, ಹಿಂಗಾಲು ಕಾಣದ ಹಾಗೆ. ಮೈಕು ಕೈಗೆ ಬಂದಾಗ ಅವಳು ಹೊದಿಕೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡು, ಡಾಕ್ಟರು ಕಟ್ಟಲು ಹೇಳಿದ್ದ ಬಿಳಿ ಬಟ್ಟೆಯನ್ನು ಗಾಯದ ಮೇಲಿಂದ ಬಿಚ್ಚಿದಳು.

"ಪಟ್ಟಿ ಕಟ್ಟಿದ್ದು ಇಲ್ಲಿ," ಎಂದಳು. "ಕಟ್ಟಿದ ಮೇಲೆ ಬಿಚ್ಚಲೇ ಇಲ್ಲ. ನೀವು ಮೊದಲು ನೋಡಿದ್ರಲ್ಲ, ಕುಂಟೋದು, ಅದು ಬರೀ ಕಾಯಿಲೆಯಿಂದ ಅಲ್ಲ. ನೋವಿನ ಪುಡಿ ನಿಲ್ಲಿಸಿದ್ರು, ಚೆನ್ನಾಗಿ ಕುಂಟಲಿ ಅಂತ. ಆಮೇಲೆ ಓಡಿದ್ದು ಇಂಜೆಕ್ಷನ್‌ನಿಂದ. ಬೆಚ್ಚಗೆ ಕಟ್ಟಿ, ಬೇಡ ಅನ್ನಲ್ಲ. ಹಳೇ ಕಂಬಳಿ ಹರಿದು ಕಟ್ಟಿದರೂ ಆಗುತ್ತೆ. ದಿನಾ ಬಿಚ್ಚಿ ನೋಡಿ. ದಿನಾ ನಡೆಸಿ. ಅಷ್ಟೇ."

ಅಯಸ್ಕಾಂತ ಮೈಕಿಗೆ ಕೈಹಾಕಿದ. ಪುದೀನದ ವಾಸನೆ ಮುಖಕ್ಕೆ ಹೊಡೆಯಿತು. "ಮುಟ್ಟಬೇಡಿ ನನ್ನ!" ಎಂದು ಅವಳು ಕೂಗಿದ್ದು ಮೈಕಿನಲ್ಲಿ ಅಂಗಳದಾಚೆಗೂ ಕೇಳಿಸಿತು. ಯಾರೋ ಎದ್ದು ಹೋದರು. ಯಾರೋ ನಕ್ಕರು. ಒಬ್ಬ ಹೆಂಗಸು ತನ್ನ ಮಗಳ ಕಣ್ಣು ಮುಚ್ಚಿ, "ಮಕ್ಕಳೆದುರು ಇಂಥದ್ದೆಲ್ಲ ತೋರಿಸ್ತಾರಾ?" ಎಂದು ಪಟ್ಟಿಯಮ್ಮನನ್ನೇ ಬೈದಳು. ಅದಕ್ಕಿಂತ ಹೇಸಿಗೆಯ ವಿಷಯವೆಂದರೆ, ಎಲ್ಲ ಮುಗಿದ ಮೇಲೆ ಹತ್ತು ಹನ್ನೆರಡು ಜನ ಮೇಜಿನ ಬಳಿ ಸರತಿಯಲ್ಲಿ ನಿಂತು ಪಟ್ಟಿ ಕೊಂಡರು. "ಇದ್ದರೂ ಇರಬಹುದು, ಪ್ರಯತ್ನ ಮಾಡೋದ್ರಲ್ಲಿ ತಪ್ಪೇನು?" ಎನ್ನುತ್ತಿದ್ದರು.

ಮೇಡಂ ಅವಳನ್ನು ಬೈಯಲೂ ಇಲ್ಲ. ನಾಳೆಯಿಂದ ಬರಬೇಡಿ ಎಂದಳು, ಕುದುರೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದಳು. ಅದಕ್ಕೆ ಆ ಸಭೆಯಲ್ಲಿ ಹಿಂದೆ ಕೂತಿದ್ದ ಹಾಲಿನವಳು ಎದ್ದು ಬಂದಳು. ಅವಳಿಗೆ ಊರಂಚಿನಲ್ಲಿ ಹಸುಗಳಿದ್ದವು, ಹುಲ್ಲುಗಾವಲಿತ್ತು.

"ಹಸು ಜೊತೆ ಇರುತ್ತಾ ಇದು?" ಎಂದು ಕೇಳಿದಳು.

"ಹಸುಗಳು ಸುಮ್ಮನಿದ್ದರೆ ಇರ್ತಾಳೆ."

"ನನ್ನ ಹಸುಗಳು ನನಗಿಂತ ಸುಮ್ಮನಿರ್ತವೆ. ಆದ್ರೆ ಕಾಲಿನ ಕೆಲಸ ನನಗೆ ಬರಲ್ಲ, ನೀನೇ ಬಂದು ಮಾಡ್ಬೇಕು."

ಬೂದಿ ಹಾಲಿನವಳ ಹುಲ್ಲುಗಾವಲಿನಲ್ಲಿ ಎರಡು ವರ್ಷ ಬದುಕಿತು. ಪಟ್ಟಿಯಮ್ಮ ದಿನವೂ ಮೊದಲ ಬಸ್ಸಿಗೆ ಹೋಗಿ ಕಟ್ಟು ಬಿಚ್ಚಿ, ಕಾಲು ಸವರಿ, ನಡೆಸಿ ಬರುತ್ತಿದ್ದಳು. ಡಾಕ್ಟರು ನಾಚಿಕೆಗೋ ಏನೋ, ಬೇರೆ ಲಾಯಗಳಿಗೆ ಅವಳ ಹೆಸರು ಹೇಳಿದರು. ಅವಳಿಗೆ ಕೆಲಸ ಸಿಕ್ಕಿತು. ಗಾಯ ಮಾಯ್ದ ಜಾಗದಲ್ಲಿ ಬೂದಿಯ ಕಾಲಿಗೆ ಕೂದಲು ಮಾತ್ರ ಮತ್ತೆ ಬರಲಿಲ್ಲ. ಎರಡನೇ ಚಳಿಗಾಲದಲ್ಲಿ ಅದು ಮಲಗಿದ್ದು ಏಳಲಿಲ್ಲ. ಡಾಕ್ಟರು ಕೊನೆಯ ಸೂಜಿ ಕೊಡುವಾಗ ಅವಳು ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

ಅದಕ್ಕೂ ಮೊದಲು ಒಂದು ಸಲ ಭಾವ ಅಲ್ಲಿಗೆ ಬಂದಿದ್ದ. ಕೇಳದೆ, ಹೇಳದೆ, ಉಳಿ ಸುತ್ತಿಗೆಯ ಚೀಲ ಹಿಡಿದು. ಬೂದಿಯ ಗೊರಸು ಬೆಳೆದು ಸೀಳಿತ್ತು. ಅವನು ಕುತ್ತಿಗೆ ಸವರಿ, ನಾಲ್ಕೂ ಗೊರಸು ಕತ್ತರಿಸಿ ನಯ ಮಾಡಿದ. ಬೂದಿ ಹಳೆಯ ಗೆಳೆಯನನ್ನು ಕಂಡ ಹಾಗೆ ಅವನ ಅಂಗಿಯ ಜೇಬು ಮೂಸಿತು. ಪಟ್ಟಿಯಮ್ಮ ಬೇಲಿಗೊರಗಿ ನೋಡುತ್ತಿದ್ದಳು. ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಮಾತಾಡಮ್ಮ ಏನಾದ್ರೂ," ಎಂದ ಭಾವ.

"ಬಲಗಡೆ ಗೊರಸು ಚೆನ್ನಾಗಿ ಕೂತಿದೆ," ಎಂದಳು. ಅಷ್ಟನ್ನು ಹೇಳಲಿಕ್ಕೂ ಅವಳು ಹೇಸಿಗೆಯಿಂದ ಬಾಯಲ್ಲಿ ಸೇರಿದ್ದ ಉಗುಳನ್ನು ನುಂಗಬೇಕಾಯಿತು.