ಷರಾ ಚಿಕ್ಕಪ್ಪನ ಹಲಗೆ

ನಮ್ಮ ಚಿಕ್ಕಪ್ಪನಿಗೆ ಬೀದಿಯವರು ಇಟ್ಟ ಹೆಸರು ‘ಷರಾ’. ಪುರಸಭೆಯ ಕಾಮಗಾರಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಬಂದ ಅರ್ಜಿಗಳ ಅಂಚಿನಲ್ಲಿ ಷರಾ ಬರೆದೇ ನಿವೃತ್ತನಾದವನು. ಮನೆಯಲ್ಲೂ ಅದೇ ಬುದ್ಧಿ. ಚಿಕ್ಕಮ್ಮ ಸಾಮಾನಿನ ಚೀಟಿ ಕೊಟ್ಟರೆ, ‘ಹಳೆಯ ಸೋಪು ಇನ್ನೂ ಮುಗಿದಿಲ್ಲ, ಪರಿಶೀಲಿಸಿ’ ಎಂದು ಪಕ್ಕದಲ್ಲಿ ಗೀಚದೆ ಅಂಗಡಿಗೆ ಹೊರಡುತ್ತಿರಲಿಲ್ಲ.

ಅವನು ತಪ್ಪು ಹುಡುಕದ ಒಂದೇ ಒಂದು ಜೀವವೆಂದರೆ ಅವನ ಅಕ್ಕ, ನನ್ನ ಸೋದರತ್ತೆ. ಅವಳ ಮನೆ ಹೊಳೆಯಾಚೆ. ಪ್ರತಿ ಗುರುವಾರ ದೋಣಿಯಲ್ಲಿ ಈಚೆ ಬಂದು, ಸಂಜೆಯವರೆಗೆ ತಮ್ಮನ ಜೊತೆ ಇಸ್ಪೀಟು ಆಡುತ್ತಿದ್ದಳು. ಅತ್ತೆ ರಾಜಾರೋಷವಾಗಿ ಎಲೆ ಬದಲಿಸಿದರೂ ಚಿಕ್ಕಪ್ಪ ತುಟಿ ಪಿಟಕ್ ಎನ್ನುತ್ತಿರಲಿಲ್ಲ.

ಬಿರುಗಾಳಿ ಬಂತು. ನಮ್ಮ ದಡದಲ್ಲಿ ದೋಣಿ ಹತ್ತಿಳಿಯುವ ಮರದ ಜೆಟ್ಟಿ ಅರ್ಧ ಕಿತ್ತುಹೋಯಿತು. ಹರೆಯದವರು ಕೆಸರಿಗೆ ಧುಮುಕಿ ದಡ ಸೇರುತ್ತಿದ್ದರು. ಅತ್ತೆಯ ಮಂಡಿಗೆ ಅದೆಲ್ಲ ಆಗದ ಮಾತು. ಐದು ಗುರುವಾರ ಹೀಗೇ ಹೋದವು. ಚಿಕ್ಕಪ್ಪ ಇಬ್ಬರಿಗೂ ಎಲೆ ಹಂಚಿಕೊಂಡು ಒಬ್ಬನೇ ಆಡುತ್ತಿದ್ದ.

ಬಡಗಿ, ಪೇಂಟರು, ಬಲೆ ಹೆಣೆಯುವವರು ಎಲ್ಲ ಸೇರಿ ಹನ್ನೆರಡು ಜನ, ತಾವೇ ಬಿಟ್ಟಿಯಾಗಿ ರಿಪೇರಿ ಮಾಡುವುದಾಗಿ ಮುಂದೆ ಬಂದರು. ಅನುಮತಿ ತರುವ ಕೆಲಸ ಚಿಕ್ಕಪ್ಪನ ಹೆಗಲೇರಿತು. ಅವನು ಇಸ್ತ್ರಿ ಅಂಗಿ ತೊಟ್ಟು ಹಳೆಯ ಕಚೇರಿಗೆ ಹೊರಟ. ಜೊತೆಗೆ ನಾನೂ ಹೋದೆ. ಅವನ ಕೈಕೆಳಗೆ ಕೆಲಸ ಕಲಿತವಳೇ ಈಗ ಆ ಕುರ್ಚಿಯಲ್ಲಿದ್ದಳು.

“ಸಾರ್, ಇಲಾಖೆಯವರು ಬಿಟ್ಟು ಬೇರೆ ಯಾರೂ ಜೆಟ್ಟಿ ಮುಟ್ಟಬಾರದು ಅಂತ ನಿಯಮ ಇದೆ. ಇಲಾಖೆ ಸರದಿ ಬರೋದು ಮುಂದಿನ ವರ್ಷ.”

“ಯಾವ ಪುಣ್ಯಾತ್ಮ ಬರೆದದ್ದು ಅದನ್ನ?”

ಅವಳು ಫೈಲನ್ನು ನಮ್ಮತ್ತ ತಿರುಗಿಸಿದಳು. ಕೆಳಗೆ ಚಿಕ್ಕಪ್ಪನದೇ ಸಹಿ.

ಹತ್ತೊಂಬತ್ತು ವರ್ಷದ ಹಿಂದೆ ಯಾರೋ ತಾವೇ ಬಡಿದ ಹಲಗೆ ಜಾರಿ, ಒಬ್ಬರ ಕಾಲು ಮುರಿದಿತ್ತಂತೆ. ಮರುದಿನವೇ ಇವನು ನಿಯಮದ ಟಿಪ್ಪಣಿ ಬರೆದು, ಆಮೇಲೆ ಮರೆತೇಬಿಟ್ಟಿದ್ದ.

ಮನೆಗೆ ಬಂದವನು ಮುಖ ಗಂಟಿಕ್ಕಿಕೊಂಡು ಕೂತ.

“ನೀನು ಬರೆದದ್ದನ್ನ ನೀನೇ ತಿದ್ದು ಚಿಕ್ಕಪ್ಪ,” ಎಂದೆ.

“ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಟಿಪ್ಪಣಿಯನ್ನೂ ಯಾರೂ ತಪ್ಪು ಅಂದಿಲ್ಲ.”

“ಹಾಗಾದ್ರೆ ಒಬ್ಬನೇ ಇಸ್ಪೀಟು ಆಡ್ಕೊಂಡಿರು.”

ಮಾತು ನಾಟಿತು. ಮರುದಿನ ಬೆಳಗ್ಗೆ ಅರ್ಜಿ ಬರೆದ: ‘ಆ ನಿಯಮ ಬರೆದವನು ನಾನೇ. ಬೇಕಾಗಿದ್ದದ್ದು ಸರಿಯಾದ ಉಸ್ತುವಾರಿ. ನಾನು ಜನರನ್ನೇ ದೂರವಿಟ್ಟೆ. ಅದು ನನ್ನ ತಪ್ಪು.’ ಕೊನೆಯ ವಾಕ್ಯಕ್ಕೆ ಅರ್ಧ ಗಂಟೆ ಹಿಡಿಯಿತು. ಕಚೇರಿಯಲ್ಲಿ ಅವನ ಶಿಷ್ಯೆ ಅದನ್ನು ಓದಿ, ಸೀದಾ ಅಧಿಕಾರಿಯ ಕೋಣೆಗೆ ಹೋದಳು. ಒಪ್ಪಿಗೆ ಸಿಕ್ಕಿತು. ಆದರೆ ಎರಡು ಷರತ್ತು: ಕೊನೆಗೆ ಎಂಜಿನಿಯರ್ ಪರೀಕ್ಷಿಸಬೇಕು, ಕೆಲಸ ಮುಗಿಯುವ ತನಕ ಅರ್ಜಿದಾರ ಸ್ಥಳ ಬಿಟ್ಟು ಕದಲಬಾರದು.

ಮೊದಲ ದಿನ ಅವನು ಕುರ್ಚಿ ಹಾಕಿಕೊಂಡು ಕೂತು, ಮೊಳೆ ಮೊಳೆಗೂ ಕೊಂಕು ತೆಗೆದ. ಮಧ್ಯಾಹ್ನದ ಹೊತ್ತಿಗೆ ಬಡಗಿಗೆ ಸಾಕಾಗಿ, ಅವನ ಕೈಗೆ ಸುತ್ತಿಗೆ ಕೊಟ್ಟ. “ಸಾರ್, ಈ ಹಲಗೆ ನಿಮ್ಮದು.”

ಜನ್ಮದಲ್ಲಿ ಸುತ್ತಿಗೆ ಹಿಡಿಯದ ಕೈ. ಎಂಟು ಮೊಳೆಗಳಲ್ಲಿ ಮೂರು ಸೊಟ್ಟಗಾದವು, ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಬಡಗಿ ಸೊಟ್ಟ ಮೊಳೆಗಳ ಪಕ್ಕ ಬೇರೆ ಮೊಳೆ ಹೊಡೆದು ಭದ್ರ ಮಾಡಿದ. ನಾಲ್ಕನೆಯ ದಿನ ಬಂದ ಎಂಜಿನಿಯರ್ ಒಂದೊಂದೇ ಹಲಗೆಯ ಮೇಲೆ ನಿಂತು, ಕುಣಿದು ನೋಡಿದ. ಚಿಕ್ಕಪ್ಪನ ಹಲಗೆಯ ಮುಂದೆ, ‘ಗಟ್ಟಿಯಿದೆ, ಅಂದವಿಲ್ಲ’ ಎಂದು ಷರಾ ಬರೆದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಚಿಕ್ಕಪ್ಪನೂ ನಕ್ಕ.

ಗುರುವಾರ ಅತ್ತೆಯ ದೋಣಿ ಬಂತು.

“ಅಕ್ಕಾ, ಸ್ವಲ್ಪ ಆ ಕಡೆಯಿಂದ ಇಳಿ. ಇದು ನಾನು ಹೊಡೆದದ್ದು,” ಎಂದ ಚಿಕ್ಕಪ್ಪ.

ಅತ್ತೆ ಸೊಟ್ಟ ಮೊಳೆಗಳನ್ನು ನೋಡಿದಳು, ಅವನ ಹೆಬ್ಬೆರಳನ್ನೂ ನೋಡಿದಳು. ಆಮೇಲೆ ಬೇಕೆಂದೇ ಅದೇ ಹಲಗೆಯ ಮೇಲೆ ಎರಡೂ ಕಾಲೂರಿ ನಿಂತಳು.

“ನೀನು ಹೊಡೆದದ್ದಾದ್ರೆ ನಾನು ಇಲ್ಲೇ ಇಳಿಯೋದು.”

ಚಿಕ್ಕಪ್ಪ ಅವಳ ಚೀಲ ಇಸಿದುಕೊಂಡು ಮುಂದೆ ನಡೆದ. ಆ ದಿನ ಅತ್ತೆ ಮೂರು ಆಟ ಗೆದ್ದಳು, ಮೂರನ್ನೂ ಮೋಸದಿಂದಲೇ. ಸೋತವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.