ಡೆಸ್ ಮಲ್ಕಾಹಿಯ ಬೆನ್ನು

ಡೆಸ್ ಮಲ್ಕಾಹಿ ಹದಿನಾರನೇ ವಯಸ್ಸಿಗೆ ಕುರಿಗಳ ಉಣ್ಣೆ ಕತ್ತರಿಸುವ ಕೆಲಸಕ್ಕೆ ಸೇರಿದವನು, ಬಿಟ್ಟದ್ದು ಅರವತ್ತೊಂದಕ್ಕೆ. ಹ್ಯಾಮಿಲ್ಟನ್ ಊರಿನ ಸುತ್ತಲಿನ ಶೆಡ್ಡುಗಳಲ್ಲಿ ದಿನಕ್ಕೆ ನೂರೈವತ್ತು ಕುರಿ; ಪ್ರತಿಯೊಂದಕ್ಕೂ ಸೊಂಟ ಬಗ್ಗಿಸಬೇಕು. ಕೆಲಸ ಬಿಟ್ಟ ಮೇಲೂ ಬೆನ್ನು ಬಗ್ಗಿದ ಹಾಗೇ ಉಳಿಯಿತು. ಚರ್ಚಿನಲ್ಲಿ ಹೆಂಡತಿ ನೋಲೀನ್ ಮೊಣಕೈಯಿಂದ ತಿವಿದು, "ನೆಟ್ಟಗೆ ನಿಂತ್ಕೋ, ಡೆಸ್" ಎನ್ನುತ್ತಿದ್ದಳು. ನಿಲ್ಲಲು ಹೋಗಿ ಅವನ ಹಣೆ ಬೆವರುತ್ತಿತ್ತು.

ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಸೊಂಟ ಕಿತ್ತುಬರುತ್ತಿತ್ತು. ವಯಸ್ಸಾದವರಿಗೆ ಹ್ಯಾಂಡಲ್ ಎತ್ತರ ಇರಬೇಕೆಂದು ಎಲ್ಲರೂ ಹೇಳಿದರು. ಮೂರು ಸಲ ಎತ್ತರಿಸಿದ, ನೋವು ಇನ್ನೂ ಹೆಚ್ಚಿತು. ಸೈಕಲ್ ಮಾರಿಬಿಡುತ್ತೇನೆ ಎಂದಾಗ ನೋಲೀನ್ ಅವನನ್ನು ಬ್ಯಾಲರಾಟಿಗೆ ಕರೆದೊಯ್ದಳು. ಅಲ್ಲಿ ರೋವೆನಾ ಎಂಬುವಳಿಗೆ, ಸವಾರರ ಮೈಯಳತೆ ನೋಡಿ ಸೈಕಲ್ ಹೊಂದಿಸಿಕೊಡುವುದೇ ಕಸುಬು.

ರೋವೆನಾ ಸೈಕಲ್ ಕಡೆ ಕಣ್ಣೂ ಹಾಯಿಸಲಿಲ್ಲ. "ಬಗ್ಗಿ, ಡೆಸ್. ಎಷ್ಟಾಗುತ್ತೋ ಅಷ್ಟು."

ಅವನ ಎರಡೂ ಅಂಗೈ ನೆಲಕ್ಕೆ ಅಂಟಿದವು.

"ಈಗ ನೆಟ್ಟಗೆ ನಿಲ್ಲಿ."

ಅರ್ಧಕ್ಕೇ ಮೇಜಿನ ಅಂಚು ಹಿಡಿದುಕೊಂಡ.

"ಏನ್ ಕೆಲಸ ಮಾಡ್ತಿದ್ರಿ?"

"ಕುರಿ."

"ನಿಮಗೆ ನೋವಾಗೋದು ಬಗ್ಗಿದಾಗ ಅಲ್ಲ, ನೆಟ್ಟಗಾದಾಗ. ಇಷ್ಟು ದಿನ ಯಾರೂ ಕೇಳ್ಲಿಲ್ವಾ?"

"ನಾನೂ ಕೇಳ್ಲಿಲ್ಲ" ಎಂದಳು ನೋಲೀನ್, ಕೈಚೀಲದ ಪಟ್ಟಿ ತಿರುವುತ್ತ.

ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದು, ಡೆಸ್‌ನನ್ನು ಅದರ ಮೇಲೆ ಕೂರಿಸಿ, ರೋವೆನಾ ಎರಡು ಗಂಟೆ ಕೆಲಸ ಮಾಡಿದಳು. ಸೀಟನ್ನು ತುಸು ಮುಂದಕ್ಕೆ ತಂದಳು, ಹ್ಯಾಂಡಲನ್ನು ಒಂದು ಬೆರಳು, ಮತ್ತೊಂದು ಬೆರಳು ಎಂದು ಇಳಿಸಿದಳು. ಪ್ರತಿ ಸಲವೂ, "ಸಾಕಾ?"

"ಇನ್ನೂ ಸ್ವಲ್ಪ."

ನಾಲ್ಕು ಬೆರಳು ಇಳಿದಾಗ ಅವನ ಭುಜ ತಾನಾಗಿ ಸಡಿಲವಾಯಿತು. "ಕೆಳಗೊಂದು ಕುರಿ ಇದ್ದಿದ್ರೆ ಉಣ್ಣೆ ಕತ್ತರಿಸಿಬಿಡ್ತಿದ್ದೆ" ಎಂದ. ಉಳಿದವರೆಲ್ಲ ಬೆನ್ನು ಕುಗ್ಗಿದೆ ಎನ್ನುತ್ತಿದ್ದ ಭಂಗಿಯಲ್ಲೇ ಅವನ ಮೈಗೆ ವಿಶ್ರಾಂತಿ ಇತ್ತು.

ಆ ವಸಂತದಲ್ಲಿ ಅವನು ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಕೋಲ್‌ರೇನ್‌ವರೆಗೆ ತುಳಿದ. ಹಿಂದೆ ಕಾರಿನಲ್ಲಿ ಬಂದ ನೋಲೀನ್ ದಾರಿಬದಿಯಲ್ಲಿ ಚಹಾ ಬಗ್ಗಿಸಿಕೊಟ್ಟಳು.

"ನೋವಿದ್ಯಾ?"

"ಇದೆ. ಇಳಿದ್ಮೇಲೆ ಶುರುವಾಯ್ತು."

ಚಹಾ ಪೂರ್ತಿ ಕುಡಿಯದೆ ಲೋಟ ಅವಳ ಕೈಗಿತ್ತು, ಮತ್ತೆ ಸೈಕಲ್ ಹತ್ತಿದ.